ಮೂವತ್ತು-ನಲವತ್ತರ ಸೈಟಿನಲ್ಲಿ ನಾಲ್ಕು ಹೇಂಟೆ

ಮನೆಬಳಕೆಯ ಮೊಟ್ಟೆಗಾಗಿ ಮೂರರಿಂದ ಆರು ಹೇಂಟೆಗಳನ್ನು ಹಿತ್ತಿಲಲ್ಲಿ ಸಾಕುವುದು ದಕ್ಷಿಣ ಬೆಂಗಳೂರಿಗೆ ಹೊಸದಲ್ಲ. ಸಾರಕ್ಕಿ, ಪುಟ್ಟೇನಹಳ್ಳಿ, ಯಡಿಯೂರು, ಕದಿರೇನಹಳ್ಳಿ, ಬೈರಸಂದ್ರ, ತಾವರೆಕೆರೆಗಳೆಲ್ಲ ಹಳ್ಳಿಗಳಾಗಿದ್ದಾಗ ಅಲ್ಲಿ ಕೋಳಿಯಿಲ್ಲದ ಒಕ್ಕಲು ಮನೆ ಅಪರೂಪವಾಗಿತ್ತು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು; ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಲೇಔಟ್‌ಗಳು ಆಮೇಲೆ ಬಂದವು. ಬಿ.ಟಿ.ಎಂ. ಎಂಬ ಮೂರಕ್ಷರದಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಇನ್ನೂ ಉಳಿದಿವೆ. ಆ ಊರುಗಳ ಕೋಳಿಗೆ ಯಾರೂ ಲೆಕ್ಕ ಹಾಕಿ ಮೇವು ಕೊಡುತ್ತಿರಲಿಲ್ಲ. ತಿಪ್ಪೆ ಕೆದಕಿದರೆ ಹುಳು, ಮಳೆ ಬಿದ್ದರೆ ಗೆದ್ದಲು, ಸುಗ್ಗಿಯಲ್ಲಿ ಕಣದ ಕಾಳು, ಸುಣ್ಣ ಬಳಿದ ಗೋಡೆ ಕುಕ್ಕಿದರೆ ಸುಣ್ಣ, ಮೈ ಹೊರಳಿಸಲು ಬೂದಿಗುಂಡಿ, ಎಲ್ಲವೂ ಅದಕ್ಕೆ ಬೀದಿಯಲ್ಲೇ ಸಿಗುತ್ತಿತ್ತು. ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿ, ಸುತ್ತ ಸಿಮೆಂಟು ಹಾಕಿಸಿ ಉಳಿಯುವ ಜಾಗದಲ್ಲಿ ಇದರಲ್ಲಿ ಒಂದೂ ಇಲ್ಲ. ಹಳ್ಳಿಯ ಅಂಗಳ ಏನೇನು ಕೊಡುತ್ತಿತ್ತು ಎಂಬುದನ್ನು ತಿಳಿದು, ಅದನ್ನೆಲ್ಲ ಕೈಯಾರೆ ಒದಗಿಸುವುದೇ ನಗರದಲ್ಲಿ ಕೋಳಿ ಸಾಕುವ ವಿದ್ಯೆ.

ಹವೆಯೊಂದನ್ನು ಮಾತ್ರ ಒದಗಿಸಬೇಕಾಗಿಲ್ಲ. ಕೋಳಿಯ ಮೈಬಿಸಿ 41 ಡಿಗ್ರಿ ಸೆಲ್ಸಿಯಸ್ ಆಸುಪಾಸಿನದು. ಅದಕ್ಕೆ ಬೆವರುಗ್ರಂಥಿಗಳಿಲ್ಲ, ಜುಟ್ಟು ಮತ್ತು ಗಂಟಲ ಜೋಲಿನ ಮೂಲಕ, ಸಾಲದಿದ್ದರೆ ಬಾಯಿ ತೆರೆದು ಏದುಸಿರು ಬಿಡುವ ಮೂಲಕ ಶಾಖವನ್ನು ಹೊರಹಾಕುತ್ತದೆ. 18ರಿಂದ 24 ಡಿಗ್ರಿಯ ಗಾಳಿ ಅದಕ್ಕೆ ಹಿತ. 30 ದಾಟಿದರೆ ಕಷ್ಟ ಶುರುವಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರು ವರ್ಷದ ಬಹುಪಾಲು ಈ ಹಿತದ ಮಿತಿಯ ಹತ್ತಿರದಲ್ಲೇ ಇರುತ್ತದೆ. ಎಚ್ಚರ ಬೇಕಾದದ್ದು ಮಾರ್ಚ್‌ನಿಂದ ಮೇವರೆಗೆ. ಏಪ್ರಿಲ್‌ನಲ್ಲಿ ಮಧ್ಯಾಹ್ನದ ಬಿಸಿ ಸಾಮಾನ್ಯವಾಗಿ 34ರ ಸುತ್ತ ಇರುತ್ತದೆ. 2016ರ ಏಪ್ರಿಲ್‌ನಲ್ಲಿ 39 ದಾಟಿತ್ತು. ಏದುಸಿರು ಬಿಡುವಾಗ ಕೋಳಿಯ ರಕ್ತದಿಂದ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗುತ್ತದೆ, ಮೊಟ್ಟೆಯೋಡಿಗೆ ಬೇಕಾದ ಕಾರ್ಬೊನೇಟ್ ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ಓಡು ತೆಳುವಾಗಲು ಇದೊಂದು ಕಾರಣ. ಮಾವಿನ ಮರವೋ ನುಗ್ಗೆಯೋ ನೆರಳು ಕೊಡುವ ಮೂಲೆ ಇದ್ದರೆ ಗೂಡಿಗೆ ಅದೇ ಸರಿಯಾದ ಜಾಗ. ಹಿತ್ತಿಲಿಲ್ಲದ ಮನೆಯವರು ತಾರಸಿಯಲ್ಲೂ ಸಾಕಬಹುದು. ಆದರೆ ಕಾಂಕ್ರೀಟು ಹಗಲೆಲ್ಲ ಬಿಸಿ ಹೀರಿ ರಾತ್ರಿಯೂ ಕಕ್ಕುತ್ತದೆ, ಹಾಗಾಗಿ ಅಲ್ಲಿ ಗೂಡು ನೆಲದಿಂದ ಒಂದಡಿಯಾದರೂ ಮೇಲಿರಬೇಕು, ಮೇಲೆ ನೆರಳುಬಲೆ ಬೇಕೇಬೇಕು.

ಕೋಳಿ ಒಂಟಿಯಾಗಿ ಬಾಳುವ ಹಕ್ಕಿಯಲ್ಲ. ಎರಡು ಸಾಕಿದವರಿಗೆ ಒಂದು ಸತ್ತರೆ ಉಳಿದದ್ದರ ಪಾಡು ನೋಡಲಾಗುವುದಿಲ್ಲ, ಆದ್ದರಿಂದ ಮೂರು ಅಥವಾ ನಾಲ್ಕರಿಂದ ಆರಂಭಿಸುವುದು ಒಳ್ಳೆಯದು. ಜೊತೆಗೂಡಿದ ಕೆಲವೇ ದಿನಗಳಲ್ಲಿ ಅವುಗಳ ನಡುವೆ ಯಾರು ಮೇಲು, ಯಾರು ಕೆಳಗು ಎಂಬುದು ಕುಕ್ಕಾಟದಲ್ಲಿ ಇತ್ಯರ್ಥವಾಗುತ್ತದೆ. ನಾರ್ವೆಯ ಥೋರ್ಲೀಫ್ ಷೆಲ್ಡರುಪ್-ಎಬ್ಬೆ ಬಾಲ್ಯದಿಂದಲೇ ಕೋಳಿಗಳನ್ನು ಗಮನಿಸಿ 1921ರ ಹೊತ್ತಿಗೆ ಈ ಕುಕ್ಕುಸರದಿಯನ್ನು ವಿವರಿಸಿದರು. ಪ್ರಾಣಿಗಳ ಸಾಮಾಜಿಕ ಶ್ರೇಣಿಯ ಅಧ್ಯಯನಕ್ಕೆ ಅದೇ ತಳಹದಿಯಾಯಿತು. ಸರದಿಯ ಕೊನೆಯಲ್ಲಿರುವ ಕೋಳಿ ಮೇವಿನ ತಟ್ಟೆಯ ಬಳಿ ಸುಳಿಯಲು ಹೆದರುತ್ತದೆ. ಒಂದರ ಬದಲು ಎರಡು ಕಡೆ ಮೇವು, ಎರಡು ಕಡೆ ನೀರು ಇಟ್ಟರೆ ಅದೂ ಹೊಟ್ಟೆತುಂಬ ತಿನ್ನುತ್ತದೆ.

ಹುಂಜ ಬೇಡ. ಮೊಟ್ಟೆಯಿಡಲು ಹೇಂಟೆಗೆ ಹುಂಜದ ಅಗತ್ಯವಿಲ್ಲ. ಮರಿ ಬೇಕಾದಾಗ ಮಾತ್ರ ಅದು ಬೇಕು. ಹುಂಜ ಬರೀ ಬೆಳಕು ಕಂಡು ಕೂಗುವುದಲ್ಲ, ಒಳಗಿನ ದೇಹಗಡಿಯಾರ ಹೇಳಿದಂತೆ ನಸುಕಿಗೆ ಮುನ್ನವೇ ಕೂಗುತ್ತದೆ ಎಂಬುದನ್ನು ಜಪಾನಿನ ನಗೋಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2013ರಲ್ಲಿ ತೋರಿಸಿದರು. ಕಿಟಕಿ ಮುಚ್ಚಿ ಕತ್ತಲು ಮಾಡಿದರೂ ಆ ಕೂಗು ನಿಲ್ಲದು. ಗೋಡೆಗೆ ಗೋಡೆ ತಾಗಿದ ಬಿ.ಟಿ.ಎಂ. ಲೇಔಟಿನ ರಸ್ತೆಗಳಲ್ಲಿ ನೆರೆಹೊರೆಯ ನಿದ್ದೆಗೆ ಬೆಲೆ ಕೊಡುವವರು ಹುಂಜವನ್ನು ತರಬಾರದು. ಬಾಡಿಗೆದಾರರಾದರೆ ಮನೆ ಮಾಲೀಕರಿಗೆ, ಅಪಾರ್ಟ್‌ಮೆಂಟಾದರೆ ಸಂಘಕ್ಕೆ, ಎರಡೂ ಪಕ್ಕದ ಮನೆಯವರಿಗೆ ಗೂಡು ಕಟ್ಟುವ ಮೊದಲೇ ಹೇಳುವುದು ಸೌಜನ್ಯ. ಹಕ್ಕಿಗಳು ಬಂದಮೇಲೆ ಹೇಳಿದರೆ ತಡವಾಗುತ್ತದೆ.

ಇನ್ನು ತಳಿ. ಸಾಕುಕೋಳಿಯ ಮುಖ್ಯ ಮೂಲ ಕೆಂಪು ಕಾಡುಕೋಳಿ. ಆದರೆ ಹಳದಿ ಕಾಲು, ಹಳದಿ ಚರ್ಮದ ಕೋಳಿಗಳಲ್ಲಿ ಆ ಬಣ್ಣಕ್ಕೆ ಕಾರಣವಾದ ವಂಶವಾಹಿ ಬಂದದ್ದು ದಕ್ಷಿಣ ಭಾರತದ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ತಿಳಿದುಬಂತು. ಆ ಬೂದು ಕಾಡುಕೋಳಿ ಜೆ.ಪಿ. ನಗರದ ದಕ್ಷಿಣಕ್ಕಿರುವ ಬನ್ನೇರುಘಟ್ಟದ ಕಾಡಿನಲ್ಲಿ ಇಂದಿಗೂ ಇದೆ. ನಾಟಿ ಕೋಳಿ ಕಾಡಿನ ಸ್ವಭಾವವನ್ನು ಹೆಚ್ಚು ಉಳಿಸಿಕೊಂಡಿದೆ: ಚುರುಕು, ಗಟ್ಟಿ ದೇಹ, ಮರ ಹತ್ತುವ ಚಾಳಿ. ಹತ್ತು-ಹದಿನೈದು ಮೊಟ್ಟೆಯಿಟ್ಟ ಮೇಲೆ ಅದು ಕಾವಿಗೆ ಕೂರುತ್ತದೆ, ಹಾಗಾಗಿ ವರ್ಷಕ್ಕೆ 60ರಿಂದ 80 ಮೊಟ್ಟೆಗಿಂತ ಹೆಚ್ಚು ನಿರೀಕ್ಷಿಸಬಾರದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಕೋಳಿ ವಿಜ್ಞಾನ ವಿಭಾಗದಲ್ಲಿ ರೂಪುಗೊಂಡ ಗಿರಿರಾಜ ವರ್ಷಕ್ಕೆ 130ರಿಂದ 150, 2005ರಲ್ಲಿ ಬಿಡುಗಡೆಯಾದ ಸ್ವರ್ಣಧಾರಾ 180ರ ಆಸುಪಾಸು ಮೊಟ್ಟೆ ಕೊಡುತ್ತವೆ. ಇವೆರಡೂ ಹಿತ್ತಿಲಿಗೆಂದೇ ಬೆಳೆಸಿದವು. ಮೈತುಂಬಿಕೊಂಡಿರುವುದರಿಂದ ಎತ್ತರಕ್ಕೆ ಹಾರುವುದೂ ಕಡಿಮೆ, ಆರಡಿ ಕಾಂಪೌಂಡ್ ದಾಟಿ ಪಕ್ಕದ ಮನೆಗೆ ಹೋಗುವ ತಾಪತ್ರಯ ಕಡಿಮೆ. ಇವು ಮಿಶ್ರತಳಿಗಳಾದ್ದರಿಂದ ಇವುಗಳ ಮೊಟ್ಟೆಯಿಂದ ಮರಿ ಮಾಡಿಸಿದರೆ ತಾಯಿಯ ಗುಣವೇ ಬರುತ್ತದೆಂಬ ಭರವಸೆಯಿಲ್ಲ. ಫಾರಂಗಳ ಬಿಳಿ ಲೇಯರ್ ಕೋಳಿ ವರ್ಷಕ್ಕೆ 300 ದಾಟುತ್ತದೆ, ಆದರೆ ಅಷ್ಟು ಇಡುವ ದೇಹ ಮೇವಿನ ಒಂದು ದಿನದ ಏರುಪೇರನ್ನೂ ತಡೆಯದು. ಹೊಸಬರಿಗೆ ಗಿರಿರಾಜ ಅಥವಾ ಸ್ವರ್ಣಧಾರಾ ಹೆಚ್ಚು ಹೊಂದುತ್ತದೆ. ನವೆಂಬರಿನಲ್ಲಿ ಸಾಮಾನ್ಯವಾಗಿ ನಡೆಯುವ ಕೃಷಿ ವಿಶ್ವವಿದ್ಯಾಲಯದ ಜಿ.ಕೆ.ವಿ.ಕೆ. ಆವರಣದ ಕೃಷಿ ಮೇಳದಲ್ಲಿ ಇಂಥ ತಳಿಗಳನ್ನು ಕಣ್ಣಾರೆ ನೋಡಿ ವಿಚಾರಿಸಬಹುದು.

ಮರಿಯಾಗಿಯೇ ತರಬೇಕೆ, ಬೆಳೆದ ಹ್ಯಾಟೆಯನ್ನೇ, ಅಂದರೆ ಮೊಟ್ಟೆಯಿಡುವ ವಯಸ್ಸಿಗೆ ಬರುತ್ತಿರುವ ಎಳೆ ಹೇಂಟೆಯನ್ನೇ, ತರಬೇಕೆ ಎಂಬಲ್ಲಿ ಹ್ಯಾಟೆಯೇ ವಾಸಿ. ದಿನದ ಮರಿಗೆ ಮೊದಲ ವಾರ 35 ಡಿಗ್ರಿ ಶಾಖ ಬೇಕು, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸಬೇಕು. ಬೆಂಗಳೂರಿನ ಡಿಸೆಂಬರ್ ರಾತ್ರಿಗಳಲ್ಲಿ ಇದು ಸಣ್ಣ ಕೆಲಸವಲ್ಲ. ಈಗಿನ ಎಲ್‌ಇಡಿ ಬಲ್ಬು ಬೆಳಕನ್ನಷ್ಟೇ ಕೊಡುತ್ತದೆ, ಶಾಖ ಕೊಡುವುದಿಲ್ಲ. ಹಳೆಯ ತಂತಿ ಬಲ್ಬೋ ಇನ್ಫ್ರಾರೆಡ್ ಬಲ್ಬೋ ಬೇಕು. ಮರಿಗಳು ಬಲ್ಬಿನಡಿ ಒತ್ತೊತ್ತಾಗಿ ಗುಂಪುಗೂಡಿದರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ, ಎಲ್ಲೆಡೆ ಹರಡಿ ಮೇಯುತ್ತಿದ್ದರೆ ಸರಿಯಾಗಿದೆ ಎಂದರ್ಥ. ಗಾಡಿಯಲ್ಲಿ ಬಣ್ಣ ಹಚ್ಚಿ ಮಾರುವ ಮರಿಗಳು ಹೆಚ್ಚಾಗಿ ಲೇಯರ್ ಹ್ಯಾಚರಿಗಳು ಬೇಡವೆಂದು ಬಿಟ್ಟ ಗಂಡುಮರಿಗಳು. ಮೊಟ್ಟೆಯ ಆಸೆಯಿಂದ ಅವನ್ನು ಕೊಳ್ಳಬಾರದು. ನಾಲ್ಕೈದು ತಿಂಗಳ, ಲಸಿಕೆ ಹಾಕಿಸಿದ ಹ್ಯಾಟೆಗೆ ಬೆಲೆ ಹೆಚ್ಚಾದರೂ ಆರಂಭದ ಅಪಾಯದ ದಿನಗಳು ಅಷ್ಟರಲ್ಲಿ ಕಳೆದಿರುತ್ತವೆ.

ಗೂಡಿನ ಅಳತೆ ಸರಳ. ರಾತ್ರಿ ಮಲಗುವ ಗೂಡಿನಲ್ಲಿ ಕೋಳಿಗೆ 3 ಚದರಡಿ, ಹಗಲು ಓಡಾಡುವ ಬಲೆಯಂಗಳದಲ್ಲಿ ಕನಿಷ್ಠ 8ರಿಂದ 10 ಚದರಡಿ ಇರಲಿ, ಜಾಗವಿದ್ದಷ್ಟೂ ಒಳ್ಳೆಯದು. ರಾತ್ರಿ ಕೂರಲು ಒಂದೂವರೆ-ಎರಡು ಇಂಚು ದಪ್ಪದ, ಅಂಚು ಉಜ್ಜಿ ನುಣುಪಾಗಿಸಿದ ಅಡ್ಡಗೋಲು ಬೇಕು. ಒಂದಡಿ ಉದ್ದಗಲದ, ಅರೆಗತ್ತಲೆಯ ಮೊಟ್ಟೆಪೆಟ್ಟಿಗೆ ನಾಲ್ಕು ಕೋಳಿಗೆ ಒಂದು ಸಾಕು. ಅದು ಅಡ್ಡಗೋಲಿಗಿಂತ ಕೆಳಗಿರಬೇಕು, ಇಲ್ಲದಿದ್ದರೆ ಎತ್ತರದಲ್ಲೇ ಮಲಗಲು ಬಯಸುವ ಕೋಳಿಗಳು ಪೆಟ್ಟಿಗೆಯಲ್ಲೇ ಮಲಗಿ ಗಲೀಜು ಮಾಡುತ್ತವೆ. ಗೂಡಿನ ಉದ್ದ ಪೂರ್ವ-ಪಶ್ಚಿಮಕ್ಕಿದ್ದರೆ ಬೆಳಗಿನ ಮತ್ತು ಸಂಜೆಯ ಬಿಸಿಲು ಚಿಕ್ಕ ಗೋಡೆಗಳಿಗಷ್ಟೇ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಚಲು ಪಶ್ಚಿಮದಿಂದ, ಅಕ್ಟೋಬರಿನ ಹಿಂಗಾರಿನಲ್ಲಿ ಪೂರ್ವ ಮತ್ತು ಈಶಾನ್ಯದಿಂದ ಬರುವುದರಿಂದ ಎರಡೂ ಬದಿಗೆ ಸೂರು ಮುಂದೆ ಚಾಚಿರಲಿ.

ಹೊಸಬರು ಎಡವುವುದು ಬಲೆಯಲ್ಲಿ. ಆರು ಮೂಲೆಯ ತೆಳು ಕೋಳಿಬಲೆ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಹೊರಗಿನ ಪ್ರಾಣಿಯನ್ನು ತಡೆಯುವುದಿಲ್ಲ. ಜಯನಗರದ ಹಳೆಯ ತೋಟಮನೆಗಳ ಸುತ್ತ ಮುಂಗುಸಿ, ಚರಂಡಿಯಿರುವಲ್ಲೆಲ್ಲ ಹೆಗ್ಗಣ, ಮರಗಳಿರುವ ರಸ್ತೆಗಳಲ್ಲಿ ರಾತ್ರಿ ಸಂಚರಿಸುವ ಮರಬೆಕ್ಕು, ಎಲ್ಲ ಬಡಾವಣೆಯಲ್ಲೂ ಬೀದಿನಾಯಿ ಮತ್ತು ಬೆಕ್ಕು, ಮೇಲೆ ಹದ್ದು. ಹೆಗ್ಗಣದ ಹಿಂದೆಯೇ ಕೇರೆಹಾವು ಬರುತ್ತದೆ. ಅರ್ಧ ಇಂಚು ಕಣ್ಣಿನ ಬೆಸುಗೆ ಹಾಕಿದ ತಂತಿಬಲೆಯನ್ನೇ ತಂದು, ಅದನ್ನು ನೆಲದೊಳಗೆ ಒಂದಡಿ ಹೂಳಿ, ಮೇಲ್ಭಾಗವನ್ನೂ ಮುಚ್ಚಬೇಕು. ಮೇವನ್ನು ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿಟ್ಟು, ಸಂಜೆ ಉಳಿದದ್ದನ್ನು ಎತ್ತಿಟ್ಟರೆ ಹೆಗ್ಗಣಕ್ಕೆ ಬರುವ ಕಾರಣವೇ ಇರುವುದಿಲ್ಲ. ಕತ್ತಲಾದ ಮೇಲೆ ಕೋಳಿಗೆ ಕಣ್ಣು ಕಾಣದು. ಗೂಡಿನ ಬಾಗಿಲು ಹಾಕುವ ಕೆಲಸವನ್ನು ಮನೆಯಲ್ಲಿ ಒಬ್ಬರು ತಪ್ಪದೆ ವಹಿಸಿಕೊಳ್ಳಬೇಕು.

ಮೇವಿನ ಪ್ರಶ್ನೆ ಅರ್ಥವಾಗಲು ಮೊಟ್ಟೆ ಹೇಗಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅಂಡಾಶಯದಲ್ಲಿ ಬಲಿತ ಹಳದಿ ಬಿಡುಗಡೆಯಾಗಿ ಅಂಡನಾಳದ ಬಾಯಿಗೆ ಬೀಳುತ್ತದೆ. ಮುಂದಿನ ಸುಮಾರು ಮೂರು ಗಂಟೆಯಲ್ಲಿ ಅದರ ಸುತ್ತ ಬಿಳಿಲೋಳೆ ಸೇರುತ್ತದೆ, ಮತ್ತೊಂದು ಗಂಟೆಯಲ್ಲಿ ಎರಡು ತೆಳು ಪೊರೆಗಳು ಸುತ್ತಿಕೊಳ್ಳುತ್ತವೆ. ಉಳಿದ ಹೊತ್ತೆಲ್ಲ, ಅಂದರೆ ಸುಮಾರು 20 ಗಂಟೆ, ಓಡಿನ ಕೆಲಸಕ್ಕೇ ಹೋಗುತ್ತದೆ. ಇಡೀ ಪ್ರಯಾಣಕ್ಕೆ 24ರಿಂದ 26 ಗಂಟೆ ಬೇಕು. ಹೀಗಾಗಿ ಕೋಳಿ ಪ್ರತಿದಿನ ಸ್ವಲ್ಪ ತಡವಾಗಿ ಮೊಟ್ಟೆಯಿಡುತ್ತ ಬಂದು, ಕೊನೆಗೆ ಒಂದು ದಿನ ಬಿಡುವು ತೆಗೆದುಕೊಳ್ಳುತ್ತದೆ. ಓಡಿನ ತೂಕ 5ರಿಂದ 6 ಗ್ರಾಂ. ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ. ಈ ಕೆಲಸದ ಬಹುಭಾಗ ನಡೆಯುವುದು ರಾತ್ರಿ, ಕೋಳಿ ಏನೂ ತಿನ್ನದೆ ಮಲಗಿರುವಾಗ. ಸಂಜೆ ತಿಂದು ಹೊಟ್ಟೆಯಲ್ಲಿ ಉಳಿದ ಸುಣ್ಣದಂಶ ಸಾಲದಿದ್ದರೆ ಅದು ತನ್ನ ಮೂಳೆಯನ್ನೇ ಕರಗಿಸಿ ಓಡಿಗೆ ಹಾಕುತ್ತದೆ.

ಇಲ್ಲಿ ರಾಗಿಯ ಲೆಕ್ಕ ಹಾಕಬೇಕು. ಹಳೇ ಮೈಸೂರು ಸೀಮೆಯಲ್ಲಿ ಕೋಳಿಗೆ ರಾಗಿ ಹಾಕುವುದು ವಾಡಿಕೆ. ಧಾನ್ಯಗಳಲ್ಲಿ ರಾಗಿಯಷ್ಟು ಕ್ಯಾಲ್ಸಿಯಂ ಬೇರೆ ಯಾವುದರಲ್ಲೂ ಇಲ್ಲ ಎಂಬುದೂ ನಿಜ: 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಆದರೆ ಮೊಟ್ಟೆಯಿಡುವ ಕೋಳಿ ದಿನಕ್ಕೆ ತಿನ್ನುವುದು 110ರಿಂದ 120 ಗ್ರಾಂ. ಅಷ್ಟೂ ರಾಗಿಯೇ ಆದರೂ ಸಿಗುವ ಕ್ಯಾಲ್ಸಿಯಂ ಅರ್ಧ ಗ್ರಾಂ ಮುಟ್ಟುವುದಿಲ್ಲ. ತಿಂದದ್ದೆಲ್ಲ ಮೈಗೂಡದ ಕಾರಣ ಅದಕ್ಕೆ ಬೇಕಾದದ್ದು ದಿನಕ್ಕೆ 4 ಗ್ರಾಂ. ಹಳ್ಳಿಯ ಕೋಳಿ ವರ್ಷಕ್ಕೆ 70 ಮೊಟ್ಟೆಯಿಟ್ಟು, ನಡುವೆ ತಿಂಗಳುಗಟ್ಟಲೆ ಬಿಡುವು ಪಡೆದು ಈ ಕೊರತೆಯನ್ನು ತುಂಬಿಕೊಳ್ಳುತ್ತಿತ್ತು. ವರ್ಷಕ್ಕೆ 180 ಇಡುವ ಕೋಳಿಗೆ ಆ ಬಿಡುವಿಲ್ಲ. ಆದ್ದರಿಂದ ಮುಖ್ಯ ಮೇವು ಮೊಟ್ಟೆಕೋಳಿಗೆಂದೇ ತಯಾರಿಸಿದ ಪುಡಿಮೇವಾದ ಲೇಯರ್ ಮ್ಯಾಶೇ ಆಗಿರಬೇಕು. ಅದರಲ್ಲಿ 16ರಿಂದ 18 ಶೇಕಡಾ ಪ್ರೋಟೀನ್, ಮೂರೂವರೆಯಿಂದ ನಾಲ್ಕು ಶೇಕಡಾ ಕ್ಯಾಲ್ಸಿಯಂ ಇರುತ್ತದೆ. ಪಕ್ಕದಲ್ಲಿ ಕಪ್ಪೆಚಿಪ್ಪಿನ ಚೂರು ತುಂಬಿದ ಬಟ್ಟಲು ಇದ್ದರೆ ಪ್ರತಿ ಕೋಳಿಯೂ ತನಗೆ ಬೇಕಾದಷ್ಟನ್ನು ತಾನೇ ಹೆಕ್ಕಿಕೊಳ್ಳುತ್ತದೆ. ಬೆಳೆಯುವ ಮರಿಗಳಿಗೆ ಮಾತ್ರ ಲೇಯರ್ ಮ್ಯಾಶ್ ಹಾಕಬಾರದು, ಅಷ್ಟು ಸುಣ್ಣ ಅವುಗಳ ಮೂತ್ರಪಿಂಡಕ್ಕೆ ಹಾನಿ.

ರಾಗಿ, ಅಕ್ಕಿನುಚ್ಚು, ಒಡೆದ ಮೆಕ್ಕೆಜೋಳ ಸಂಜೆಯ ತಿಂಡಿಯಾಗಿ ಒಂದೊಂದು ಹಿಡಿ ಸಾಕು. ದಂಟು, ಹೊನಗೊನ್ನೆ, ಪಾಲಕ್, ನುಗ್ಗೆಸೊಪ್ಪು ದಿನವೂ ಕೊಡಬಹುದು. ಹಳದಿಯ ಬಣ್ಣ ಗಾಢವಾಗುವುದು ಸೊಪ್ಪಿನಲ್ಲಿರುವ ಕ್ಯಾರೊಟಿನಾಯ್ಡುಗಳಿಂದ. ಸಾರಕ್ಕಿ ಮಾರುಕಟ್ಟೆಯಂಥ ಕಡೆ ಸೊಪ್ಪಿನವರು ಬಿಸಾಡುವ ಹೊರ ಎಲೆಗಳೂ ತೊಳೆದರೆ ಒಳ್ಳೆಯ ಮೇವೇ. ಉಪ್ಪು ಹಾಕಿದ ಹುಳಿ-ಸಾರು, ಉಪ್ಪಿನಕಾಯಿ, ಬೇಯಿಸದ ಒಣಕಾಳು, ಬೆಣ್ಣೆಹಣ್ಣಿನ ಸಿಪ್ಪೆ ಮತ್ತು ಬೀಜ, ಬೂಸ್ಟು ಹಿಡಿದ ಬ್ರೆಡ್ಡು ಕೊಡಬಾರದು. ನೀರು ಮೇವಿನ ತೂಕದ ಎರಡರಷ್ಟು ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಅರ್ಧ ದಿನ ನೀರು ತಪ್ಪಿದರೂ ಮೊಟ್ಟೆ ನಿಲ್ಲಬಹುದು.

ನೆರೆಯವರ ದೂರು ಬರುವುದು ವಾಸನೆಗೆ. ಕೋಳಿಗೆ ಬೇರೆ ಮೂತ್ರವಿಲ್ಲ. ಹಿಕ್ಕೆಯ ಮೇಲಿನ ಬಿಳಿಭಾಗವೇ ಯೂರಿಕ್ ಆಮ್ಲ. ಹಿಕ್ಕೆ ಒಣಗಿದ್ದಷ್ಟು ಕಾಲ ಅದು ತೆಪ್ಪಗಿರುತ್ತದೆ. ನೀರು ತಾಗಿದೊಡನೆ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಅಮೋನಿಯಾ ಮಾಡುತ್ತವೆ, ಮೂಗಿಗೆ ಬಡಿಯುವ ಆ ಘಾಟು ಅದೇ. ಮನುಷ್ಯನ ಮೂಗಿಗೆ ಘಾಟು ತಿಳಿಯುವ ಹೊತ್ತಿಗೆ ನೆಲದ ಮಟ್ಟದಲ್ಲಿ ಉಸಿರಾಡುವ ಕೋಳಿಯ ಕಣ್ಣು ಮತ್ತು ಶ್ವಾಸನಾಳಕ್ಕೆ ಹಾನಿ ಶುರುವಾಗಿರುತ್ತದೆ. ಆದ್ದರಿಂದ ವಾಸನೆಗೆ ಮದ್ದು ಫಿನಾಯಿಲ್ ಅಲ್ಲ, ಒಣಗಿದ ಹಾಸು. ಭತ್ತದ ಹೊಟ್ಟು, ಮರದ ಹೊಟ್ಟು, ಕಡಲೆಕಾಯಿ ಸಿಪ್ಪೆ, ತೆಂಗಿನ ನಾರಿನ ಪುಡಿ ಇವುಗಳಲ್ಲಿ ಸಿಕ್ಕಿದ್ದನ್ನು ನಾಲ್ಕು ಇಂಚು ದಪ್ಪ ಹರಡಿ, ಎರಡು ದಿನಕ್ಕೊಮ್ಮೆ ಕೆದರಿ, ಒದ್ದೆಯಾದಲ್ಲಿ ತೆಗೆದು ಹೊಸದು ಹಾಕಬೇಕು. ಜಯನಗರದ ರಸ್ತೆಗಳಲ್ಲಿ ಮಳೆಮರ, ಗುಲ್‌ಮೊಹರ್‌ಗಳ ಒಣ ಎಲೆಯನ್ನು ಗುಡಿಸಿ ಸುಡುವುದನ್ನು ಕಂಡರೆ ಸಂಕಟವಾಗುತ್ತದೆ. ಅದೇ ಎಲೆ ಗೂಡಿನ ಹಾಸಾಗಿ, ಹಿಕ್ಕೆಯ ಸಾರಜನಕ ಹೀರಿ, ಮೂರ್ನಾಲ್ಕು ತಿಂಗಳಲ್ಲಿ ಗುಲಾಬಿ ಗಿಡಕ್ಕೂ ಕರಿಬೇವಿಗೂ ಒಳ್ಳೆಯ ಗೊಬ್ಬರವಾಗುತ್ತದೆ. ಹಸಿ ಹಿಕ್ಕೆಯನ್ನು ನೇರ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ.

ಬಲೆಯಂಗಳದ ಒಣಮೂಲೆಯಲ್ಲಿ ಹಳೆಯ ಟೈರಿನೊಳಗೆ ಮಣ್ಣು, ಮರಳು, ಸೌದೆಬೂದಿ ಬೆರೆಸಿ ಇಡಬೇಕು. ಕೋಳಿ ಅದರಲ್ಲಿ ಒಂದು ಮಗ್ಗುಲಾಗಿ ಬಿದ್ದು, ಕಾಲಿನಿಂದ ಧೂಳನ್ನು ರೆಕ್ಕೆಯಡಿಗೆ ತಳ್ಳಿ, ಗರಿಗಳನ್ನೆಲ್ಲ ನಿಮಿರಿಸಿ, ಕಣ್ಣು ಅರೆಮುಚ್ಚಿ ಕೆಲಹೊತ್ತು ಮಲಗುತ್ತದೆ. ಮೊದಲ ಸಲ ನೋಡುವವರು ಕೋಳಿಗೆ ಏನೋ ಆಯಿತೆಂದು ಗಾಬರಿಯಾಗುವುದುಂಟು. ಆಮೇಲೆ ಎದ್ದು ಮೈ ಕೊಡವಿದರೆ ಹಳೆಯ ಎಣ್ಣೆಯ ಜಿಡ್ಡೂ ಹೇನೂ ಧೂಳಿನೊಂದಿಗೆ ಉದುರುತ್ತವೆ.

ರೋಗಗಳಲ್ಲಿ ಮೊದಲು ಹೆಸರಿಸಬೇಕಾದದ್ದು ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಹಸಿರು ಭೇದಿ, ಗೊರಗೊರ ಉಸಿರು, ತಿರುಚಿದ ಕತ್ತು ಅದರ ಗುರುತು. ವೈರಸ್ಸಿನ ಈ ರೋಗಕ್ಕೆ ಔಷಧಿಯಿಲ್ಲ, ಲಸಿಕೆಯಿದೆ: ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ಎಂಟನೇ ವಾರದ ಸುಮಾರಿಗೆ ಚುಚ್ಚುಮದ್ದು. ಸೀಸೆ ನೂರಾರು ಕೋಳಿಗಳ ಲೆಕ್ಕದಲ್ಲಿ ಬರುತ್ತದೆ, ಮಂಜುಗಡ್ಡೆಯಲ್ಲೇ ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ನಾಲ್ಕು ಕೋಳಿ ಸಾಕುವವರು ಲಸಿಕೆ ಹಾಕಿದ ಹ್ಯಾಟೆಯನ್ನೇ ಕೊಳ್ಳಬೇಕೆನ್ನುವುದು ಇದರಿಂದಲೇ. ದಕ್ಷಿಣ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬೀಡುಬಿಟ್ಟಿರುವ ಪಾರಿವಾಳಗಳೂ ಈ ವೈರಸ್ಸಿನ ಒಂದು ಬಗೆಯನ್ನು ಹೊರಬಲ್ಲವು, ಆದ್ದರಿಂದ ಮೇವಿನ ತಟ್ಟೆ ಪಾರಿವಾಳಕ್ಕೆ ಎಟುಕಬಾರದು. ಜುಟ್ಟಿನ ಮೇಲೆ ಕಪ್ಪು ಗಂಟುಗಳೇಳುವ ಸಿಡುಬನ್ನು ಸೊಳ್ಳೆ ಹರಡುತ್ತದೆ. ಮಳೆಗಾಲದಲ್ಲಿ ನೀರು ನಿಲ್ಲದಂತೆ ನೋಡಿಕೊಂಡರೆ ಮನೆಯವರಿಗೂ ಕೋಳಿಗೂ ಕ್ಷೇಮ. ಎಳೆಯ ಕೋಳಿಗಳ ರಕ್ತಭೇದಿ ಒದ್ದೆ ಹಾಸಿನಿಂದ ಬರುತ್ತದೆ, ಬೇಗ ಗುರುತಿಸಿದರೆ ಚಿಕಿತ್ಸೆಯಿದೆ. ಒಂದು ಕೋಳಿ ಗರಿ ಉಬ್ಬಿಸಿ, ಕಣ್ಣು ಮುಚ್ಚಿ ಮೂಲೆ ಹಿಡಿದ ದಿನವೇ ಅದನ್ನು ಬೇರ್ಪಡಿಸಿ ಪಶುವೈದ್ಯರಿಗೆ ತೋರಿಸಬೇಕು; ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಕೋಳಿರೋಗ ಬಲ್ಲವರಿದ್ದಾರೆ.

ಹಕ್ಕಿಜ್ವರ ಬೆಂಗಳೂರಿಗೆ ದೂರದ ಮಾತಲ್ಲ. 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲೇ ಅದು ಕಾಣಿಸಿಕೊಂಡಿತ್ತು. ಒಂದೆರಡು ದಿನದಲ್ಲಿ ಹಲವು ಕೋಳಿಗಳು ಸತ್ತರೆ ಬರಿಗೈಯಲ್ಲಿ ಮುಟ್ಟದೆ, ಕಸದ ಗಾಡಿಗೂ ಹಾಕದೆ ಪಶುಪಾಲನಾ ಇಲಾಖೆಗೆ ತಿಳಿಸಬೇಕು. ದಿನನಿತ್ಯವೂ ಗೂಡು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಬೇಕು, ಮುಖ್ಯವಾಗಿ ಪುಟ್ಟ ಮಕ್ಕಳ ಕೈಯನ್ನು. ಆರೋಗ್ಯವಾಗಿ ಕಾಣುವ ಕೋಳಿಯ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ ಇರಬಹುದು.

ಮೊಟ್ಟೆಯನ್ನು ದಿನಕ್ಕೆ ಎರಡು ಸಲ ತೆಗೆಯಬೇಕು. ಹೊಸ ಮೊಟ್ಟೆಯ ಮೇಲೆ ಕಣ್ಣಿಗೆ ಕಾಣದ ತೆಳುಪೊರೆಯಿದ್ದು, ಓಡಿನ ಸಾವಿರಾರು ಸೂಕ್ಷ್ಮರಂಧ್ರಗಳನ್ನು ಅದು ಮುಚ್ಚಿರುತ್ತದೆ. ತಣ್ಣೀರಿನಲ್ಲಿ ತೊಳೆದರೆ ಪೊರೆ ಹೋಗಿ ಕೊಳೆ ಒಳಕ್ಕೆ ಸೇರುತ್ತದೆ. ಒಣಬಟ್ಟೆಯಲ್ಲಿ ಒರೆಸಿಟ್ಟು, ಅಡುಗೆಗೆ ತೆಗೆದಾಗ ತೊಳೆದರಾಯಿತು. ನಾಟಿ ಕೋಳಿ ಕಾವಿಗೆ ಕೂತರೆ ಮೊಟ್ಟೆ ನಿಲ್ಲುತ್ತದೆ. ಮರಿ ಬೇಡವಾದರೆ ಅದನ್ನು ಮೂರ್ನಾಲ್ಕು ದಿನ ತಳದಿಂದ ಗಾಳಿಯಾಡುವ ಜಾಲರಿ ಪಂಜರದಲ್ಲಿ ಮೇವು-ನೀರಿನೊಂದಿಗೆ ಇಟ್ಟರೆ ಹೊಟ್ಟೆಯಡಿಯ ಕಾವು ಇಳಿಯುತ್ತದೆ.

ಮೊಟ್ಟೆಯ ಸಂಖ್ಯೆಯನ್ನು ಹಗಲಿನ ಉದ್ದವೂ ನಿರ್ಧರಿಸುತ್ತದೆ. ಕೋಳಿಯ ಮಿದುಳಿನೊಳಗೆ ತಲೆಬುರುಡೆಯ ಮೂಲಕ ಬರುವ ಬೆಳಕನ್ನೂ ಗ್ರಹಿಸುವ ಕೋಶಗಳಿವೆ. 14ರಿಂದ 16 ಗಂಟೆ ಬೆಳಕಿದ್ದಾಗ ಅಂಡಾಶಯ ಚುರುಕು. ಬೆಂಗಳೂರಿನ ಹಗಲು ಜೂನ್‌ನಲ್ಲಿ 12 ಗಂಟೆ 50 ನಿಮಿಷದಷ್ಟು, ಡಿಸೆಂಬರಿನಲ್ಲಿ 11 ಗಂಟೆ 20 ನಿಮಿಷದಷ್ಟು. ಯುರೋಪಿನ ಚಳಿಗಾಲದಂತೆ ಇಲ್ಲಿ ಮೊಟ್ಟೆ ಪೂರ್ತಿ ನಿಲ್ಲುವುದಿಲ್ಲ, ಸ್ವಲ್ಪ ಇಳಿಯುತ್ತದೆ ಅಷ್ಟೆ. ಮನೆಬಳಕೆಗೆ ಸಾಕುವವರು ಬಲ್ಬು ಹಾಕಿ ಹಗಲನ್ನು ಹಿಗ್ಗಿಸದೆ ಕೋಳಿಗೆ ಆ ವಿಶ್ರಾಂತಿ ಬಿಡುವುದೇ ಸರಿ. ವರ್ಷಕ್ಕೊಮ್ಮೆ ಗರಿ ಉದುರಿಸುವಾಗಲೂ ಎರಡು ತಿಂಗಳವರೆಗೆ ಮೊಟ್ಟೆ ನಿಲ್ಲಬಹುದು. ಗರಿ ಬಹುತೇಕ ಪ್ರೋಟೀನೇ ಆದ್ದರಿಂದ ಆಗ ನೆನೆಸಿ ಬೇಯಿಸಿದ ಕಾಳು, ಒಣಮೀನಿನ ಪುಡಿ ಸ್ವಲ್ಪ ಹೆಚ್ಚು ಕೊಡಬೇಕು, ಮೀನಿಗೆ ಉಪ್ಪು ಹಾಕಿರಬಾರದು.

ಮೊದಲ ವರ್ಷವೇ ಮೊಟ್ಟೆ ಹೆಚ್ಚು. ಆಮೇಲೆ ವರ್ಷವರ್ಷಕ್ಕೂ ಇಳಿಯುತ್ತದೆ. ಕೋಳಿ ಮಾತ್ರ ಆರರಿಂದ ಎಂಟು ವರ್ಷ ಬದುಕಬಲ್ಲದು. ಮುದಿ ಕೋಳಿಯನ್ನು ಇಟ್ಟುಕೊಳ್ಳುವುದೋ ಸಾರಿಗೆ ಹಾಕುವುದೋ ಎಂಬುದನ್ನು ಮನೆಯವರೆಲ್ಲ ಆರಂಭದಲ್ಲೇ ಮಾತಾಡಿಕೊಂಡಿರಬೇಕು, ಮಕ್ಕಳು ಹೆಸರಿಟ್ಟ ಮೇಲೆ ಆ ಮಾತು ಕಷ್ಟ. ಹೊಸ ಕೋಳಿ ಸೇರಿಸುವುದಾದರೆ ಒಂದನ್ನೇ ತರದೆ ಎರಡನ್ನು ತಂದು, ಮೂರು-ನಾಲ್ಕು ವಾರ ಬೇರೆ ಕಡೆ ಇಟ್ಟು ರೋಗವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಆಮೇಲೆ ಒಂದು ವಾರ ನಡುವೆ ಬಲೆಯಿರಿಸಿ ಪರಸ್ಪರ ಕಾಣುವಂತೆ ಬಿಟ್ಟು, ಕೊನೆಗೆ ಒಂದು ರಾತ್ರಿ ಹಳೆಯವು ಮಲಗಿದ ಮೇಲೆ ಅದೇ ಅಡ್ಡಗೋಲಿನ ಮೇಲೆ ಕೂರಿಸಿದರೆ ಕುಕ್ಕಾಟ ಬಹಳ ಕಡಿಮೆಯಾಗುತ್ತದೆ.